ನೋಯದ ಕಣ್ಣನ್ನು ನೋಡುವವರು ಯಾರು?



ಮಕ್ಕಳ ಕಣ್ಣು ತಪಾಸಣೆಯೆಂದರೆ ಗೋಡೆಯ ಮೇಲಿನ ಅಕ್ಷರ ಓದಿಸಿ ಕನ್ನಡಕಕ್ಕೆ ಹೆಸರು ಬರೆದುಕೊಳ್ಳುವುದು ಎಂದಾಗಿಬಿಟ್ಟಿದೆ. 2018ರ ಆಗಸ್ಟ್ 15ರಂದು ಶುರುವಾದ ತೆಲಂಗಾಣದ ‘ಕಂಟಿ ವೆಲುಗು’ ಯೋಜನೆ ಲಕ್ಷಾಂತರ ಜನರಿಗೆ ಕನ್ನಡಕ ಕೊಟ್ಟದ್ದು ನಿಜ. ಆದರೆ ಕನ್ನಡಕಕ್ಕೆ ಬಗ್ಗದ, ನೋವನ್ನೇ ಕೊಡದ ಕಣ್ಣುರೋಗವೂ ಇದೆ: ನ್ಯೂರೋಟ್ರೋಫಿಕ್ ಕೆರಟೈಟಿಸ್.

ಕಣ್ಣಿನ ಪಾರದರ್ಶಕ ಮುಂಪದರವಾದ ಕಾರ್ನಿಯಾದ ಸ್ಪರ್ಶವನ್ನು ಮೆದುಳಿಗೆ ತಿಳಿಸುವುದು ಟ್ರೈಜೆಮಿನಲ್ ನರ. ಹರ್ಪಿಸ್ ಸೋಂಕಿನಿಂದಲೋ ಮೆದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಯಿಂದಲೋ ಅದು ಕೆಡಬಹುದು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಈ ದೋಷ. ಹೀಗೆ ನರ ಕೆಟ್ಟಿದ್ದರೆ ತಾಂಡೂರಿನ ಫರಸಿ ಕಲ್ಲಿನ ಧೂಳು ಕಣ್ಣಿಗೆ ಬಿದ್ದರೂ ಮಗು ಉಜ್ಜಿಕೊಳ್ಳುವುದಿಲ್ಲ. ರೆಪ್ಪೆ ಬಡಿತ, ಕಣ್ಣೀರು ಎರಡೂ ಕಡಿಮೆಯಾಗಿ ಕಾರ್ನಿಯಾ ಹುಣ್ಣಾಗುತ್ತದೆ, ಆಗಲೂ ಅಳುವುದಿಲ್ಲ. ಮನೆಯವರು ಗಮನಿಸುವ ಹೊತ್ತಿಗೆ ಕಣ್ಣಿಗೆ ಹೂ ಬಿದ್ದಿರುತ್ತದೆ. ಎಳೆಯ ವಯಸ್ಸಿನಲ್ಲಿ ಮಸುಕಾದ ಕಣ್ಣನ್ನು ಮೆದುಳು ಬಳಸುವುದನ್ನೇ ಬಿಡುವುದರಿಂದ, ಹುಣ್ಣು ಮಾಯ್ದರೂ ದೃಷ್ಟಿ ಪೂರ್ತಿ ಮರಳದೆ ಹೋಗಬಹುದು.

ಪತ್ತೆಗೆ ದುಬಾರಿ ಯಂತ್ರ ಬೇಡ. ಹತ್ತಿಯ ಎಳೆಯೊಂದನ್ನು ಕಾರ್ನಿಯಾಕ್ಕೆ ಮೆಲ್ಲಗೆ ತಾಕಿಸಿ ಮಗು ರೆಪ್ಪೆ ಬಡಿಯುತ್ತದೆಯೇ ನೋಡಬೇಕು, ಮರಗಟ್ಟಿಸುವ ಹನಿ ಹಾಕುವುದಕ್ಕೆ ಮೊದಲು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕೆಂಬ ನಿಯಮವಿದೆ. ಕೆಂಪಾಗಿದ್ದೂ ನೋಯದ ಕಣ್ಣು ಕಂಡರೆ ತಡಮಾಡದೆ ತಜ್ಞರಿಗೆ ಕಳಿಸಿ ಎಂದು ಅವರಿಗೆ ಹೇಳಿಕೊಡಲು ಎಷ್ಟು ಖರ್ಚು? ಇಂಥ ಹುಣ್ಣನ್ನು ಇನ್ನಷ್ಟು ಕೆಡಿಸಬಲ್ಲ ಸ್ಟೀರಾಯ್ಡ್ ಹನಿಯನ್ನು ಔಷಧಿ ಅಂಗಡಿಯವರು ಚೀಟಿಯಿಲ್ಲದೆ ಕೊಡುವುದಂತೂ ನಿಲ್ಲಲೇಬೇಕು.

ಬೇಗ ಸಿಕ್ಕರೆ ದಾರಿಗಳಿವೆ: ಸಂರಕ್ಷಕ ಬೆರೆಸದ ಕೃತಕ ಕಣ್ಣೀರು, ರೋಗಿಯದೇ ರಕ್ತದ ಸೀರಂ ಹನಿ, ರೆಪ್ಪೆಗಳನ್ನು ಭಾಗಶಃ ಹೊಲಿಯುವುದು, ಬೇರೆಡೆಯ ನರವನ್ನು ಕಾರ್ನಿಯಾಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆ. 2018ರಲ್ಲಿ ಅಮೆರಿಕ ಒಪ್ಪಿದ ಸೆನೆಗರ್ಮಿನ್ ಹನಿಯನ್ನು ದಿನಕ್ಕೆ ಆರು ಸಲದಂತೆ ಎಂಟು ವಾರ ಹಾಕಬೇಕು. ಅದರ ಬೆಲೆ ನಮ್ಮಂಥವರ ಮಾತಲ್ಲ.

ಯಾವ ಹನಿಯಾದರೂ ಅದನ್ನು ಹಾಕುವವರು ಯಾರು? ಕೂಲಿಗೆ ಹೋದ ತಾಯಿಯಲ್ಲ, ಮನೆಯಲ್ಲಿರುವ ಅಜ್ಜಿ. 1956ರಲ್ಲಿ ಬೀದರ್, ಕಲಬುರಗಿ ಜಿಲ್ಲೆಗಳಿಂದ ಬೇರೆಯಾದ, ಈಗ ತೆಲಂಗಾಣದಲ್ಲಿರುವ ಈ ಸೀಮೆಯ ಎಷ್ಟೋ ಅಜ್ಜಿಯರಿಗೆ ಕನ್ನಡವೇ ಮಾತು. ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ತೆಲುಗಿನಲ್ಲಿ ಆದರೆ ಆರು ಸಲದ ಹನಿ ಎರಡು ಸಲವಾಗುತ್ತದೆ.

ಹೈದರಾಬಾದಿನ ಸರೋಜಿನಿ ದೇವಿ ಆಸ್ಪತ್ರೆ, ಎಲ್.ವಿ. ಪ್ರಸಾದ್ ಸಂಸ್ಥೆಗಳಲ್ಲಿ ತಜ್ಞರಿದ್ದಾರೆ. ಮಗುವನ್ನು ಅಲ್ಲಿಗೆ ಮುಟ್ಟಿಸುವ ಹೊಣೆ ಆರೋಗ್ಯ ಇಲಾಖೆಯದು. ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ತಂಡಗಳಿಗೆ ಮುಂದಿನ ಶಾಲಾ ತಪಾಸಣೆಗೆ ಮೊದಲೇ ಈ ತರಬೇತಿ ಕೊಟ್ಟು, ಕನ್ನಡದಲ್ಲೂ ಸೂಚನಾಪತ್ರ ಹಂಚಲಿ.

— ಓದುಗ, ನಾರಾಯಣಖೇಡ