ಹುಲಿಯ ಮೇಲೆ ಎಷ್ಟು ಪಿಕ್ಸೆಲ್?

2007ರ ಆಗಸ್ಟ್‌ನಲ್ಲಿ ನಿಕಾನ್ ಕಂಪನಿ ಒಂದೇ ದಿನ ಡಿ3 ಮತ್ತು ಡಿ300 ಎಂಬ ಎರಡು ಕ್ಯಾಮೆರಾಗಳನ್ನು ಪ್ರಕಟಿಸಿತು. ಎರಡರಲ್ಲೂ ಹೆಚ್ಚುಕಡಿಮೆ 12 ಮೆಗಾಪಿಕ್ಸೆಲ್. ಡಿ3ರ ಸೆನ್ಸರ್ 36×24 ಮಿಲಿಮೀಟರಿನ ಫುಲ್ ಫ್ರೇಮ್. ಡಿ300ರ ‘ಕ್ರಾಪ್’ ಸೆನ್ಸರ್ ವಿಸ್ತೀರ್ಣದಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಇವೆರಡರಲ್ಲಿ ಯಾವುದು ಮೇಲು ಎಂಬ ವಾದ ಅದಕ್ಕೂ ಹಿಂದಿನದೇ. ಆದರೆ ವನ್ಯಜೀವಿ ಛಾಯಾಗ್ರಾಹಕರು ಎರಡು ಪಂಗಡವಾಗಿ ನಿಲ್ಲಲು ಆ ಜೋಡಿಗಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ. ಮಬ್ಬು ಬೆಳಕಿಗೆ ಫುಲ್ ಫ್ರೇಮ್, ದೂರದ ಪ್ರಾಣಿಗೆ ಕ್ರಾಪ್ ಎಂಬ ಮಾತು ಸಫಾರಿ ಜೀಪುಗಳಲ್ಲಿ ಇಂದಿಗೂ ಕೇಳಿಸುತ್ತದೆ. ಅಂದು ಅದು ನಿಜವಾಗಿತ್ತು. ಇಂದು ಅದನ್ನು ಹಾಗೆಯೇ ನಂಬಿ ದುಡ್ಡು ಸುರಿಯುವವರನ್ನು ಕಂಡಾಗ, ಈ ಕಾಲು ಶತಮಾನದ ಲೆಕ್ಕವನ್ನು ಒಮ್ಮೆ ತೆಗೆದು ನೋಡಬೇಕೆನಿಸುತ್ತದೆ.

ಫುಲ್ ಫ್ರೇಮ್ ಎಂಬುದು ಹೊಸ ಅಳತೆಯೇನಲ್ಲ. ಹಳೆಯ 35 ಎಂಎಂ ಫಿಲ್ಮಿನ ಚೌಕಟ್ಟು ಅದೇ. ವನ್ಯಜೀವಿ ಛಾಯಾಗ್ರಾಹಕರಾದ ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್ ಅವರ ತಲೆಮಾರು ಕೆಲಸ ಮಾಡಿದ್ದು ಫಿಲ್ಮಿನಲ್ಲಿ. ಪ್ರಾಣಿ ಚಿಕ್ಕದಾಗಿ ಬಂದರೆ ಡಾರ್ಕ್‌ರೂಮಿನಲ್ಲಿ ಹಿಗ್ಗಿಸಬಹುದಿತ್ತು, ಹಿಗ್ಗಿಸಿದಷ್ಟೂ ಫಿಲ್ಮಿನ ಕಣಗಳು ಎದ್ದು ಕಾಣುತ್ತಿದ್ದವು. 1999ರಲ್ಲಿ ನಿಕಾನ್ ಡಿ1 ಬಂದಾಗ ಅದರ ಸೆನ್ಸರನ್ನು ಚಿಕ್ಕದು ಮಾಡಿದ್ದು ವನ್ಯಜೀವಿಗಳಿಗಾಗಿ ಅಲ್ಲ. ದೊಡ್ಡ ಸಿಲಿಕಾನ್ ತುಂಡು ಆಗ ವಿಪರೀತ ದುಬಾರಿ. ಫಿಲ್ಮಿಗೆಂದು ಮಾಡಿದ ಲೆನ್ಸನ್ನು ಆ ಚಿಕ್ಕ ಸೆನ್ಸರಿಗೆ ಹಾಕಿದಾಗ ಚಿತ್ರದ ಅಂಚುಗಳು ಕತ್ತರಿಸಿಹೋಗಿ, ನಡುವಿನ ಭಾಗವಷ್ಟೇ ಫ್ರೇಮ್ ತುಂಬಿತು. 500 ಎಂಎಂ ಲೆನ್ಸ್ 750 ಆಯಿತು ಎಂದು ಎಲ್ಲರೂ ಹೇಳತೊಡಗಿದರು. ಲೆನ್ಸ್ ಒಂದು ಮಿಲಿಮೀಟರ್ ಕೂಡ ಬೆಳೆದಿರಲಿಲ್ಲ.

ಲೆಕ್ಕ ಸುಲಭ. ಭುಜದೆತ್ತರ ಸುಮಾರು ಒಂದು ಮೀಟರ್ ಇರುವ ಹುಲಿ 50 ಮೀಟರ್ ದೂರದಲ್ಲಿ ನಿಂತಿದೆ, ನಮ್ಮ ಕೈಯಲ್ಲಿ 500 ಎಂಎಂ ಲೆನ್ಸ್ ಇದೆ ಎಂದುಕೊಳ್ಳಿ. ಸೆನ್ಸರಿನ ಮೇಲೆ ಬೀಳುವ ಹುಲಿಯ ಬಿಂಬದ ಎತ್ತರ 10 ಮಿಲಿಮೀಟರ್. ಸೆನ್ಸರ್ ದೊಡ್ಡದಿರಲಿ, ಚಿಕ್ಕದಿರಲಿ, ಅದು 10 ಮಿಲಿಮೀಟರೇ. ಆ 10 ಮಿಲಿಮೀಟರಿನಲ್ಲಿ ಎಷ್ಟು ಪಿಕ್ಸೆಲ್ ಕೂತಿವೆ ಎಂಬುದೇ ಕೇಳಬೇಕಾದ ಪ್ರಶ್ನೆ. ಡಿ3ರಲ್ಲಿ ಸುಮಾರು 1,180. ಡಿ300ರಲ್ಲಿ 1,800ರ ಹತ್ತಿರ. ಅಂದಿನ ಕ್ರಾಪ್ ಪಂಗಡ ಗೆದ್ದದ್ದು ಇಲ್ಲಿ, ಮತ್ತು ನ್ಯಾಯವಾಗಿಯೇ ಗೆದ್ದಿತು. ಡಿ3ರ ಚಿತ್ರವನ್ನು ಕ್ರಾಪ್ ಅಳತೆಗೆ ಕತ್ತರಿಸಿದರೆ ಉಳಿಯುತ್ತಿದ್ದುದು 5 ಮೆಗಾಪಿಕ್ಸೆಲ್ ಮಾತ್ರ.

ತಕ್ಕಡಿ ಅಲುಗಿದ್ದು 2012ರಲ್ಲಿ, 36 ಮೆಗಾಪಿಕ್ಸೆಲ್‌ನ ಡಿ800 ಬಂದಾಗ. ಸಮವಾಗಿ ನಿಂತದ್ದು 2017ರಲ್ಲಿ. ಆ ವರ್ಷದ ಡಿ850ರಲ್ಲಿ 45.7 ಮೆಗಾಪಿಕ್ಸೆಲ್, ಕ್ರಾಪ್ ಅಳತೆಗೆ ಇಳಿಸಿದರೂ 19 ಉಳಿಯುತ್ತದೆ. ವರ್ಷದ ಹಿಂದಷ್ಟೇ ಬಂದಿದ್ದ ಡಿ500 ಕ್ರಾಪ್ ಕ್ಯಾಮೆರಾಗಳಲ್ಲಿ ಎಲ್ಲರ ಮೆಚ್ಚಿನದು, ಅದರಲ್ಲಿದ್ದದ್ದು 20.9. ನಮ್ಮ ಹುಲಿಯ ಮೇಲೆ ಎರಡೂ ಕ್ಯಾಮೆರಾ ಇಡುವ ಪಿಕ್ಸೆಲ್‌ಗಳು 2,300ರ ಆಸುಪಾಸಿನವೇ. ದೊಡ್ಡ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟರೂ ಯಾವುದು ಯಾವುದೆಂದು ಹೇಳುವುದು ಕಷ್ಟ.

ಬೆಳಕಿನ ವಿಷಯದಲ್ಲೇ ತಪ್ಪು ತಿಳಿವಳಿಕೆ ಹೆಚ್ಚು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಕಬಿನಿಯಲ್ಲಿ ಬೆಳಗಿನ ಆರೂವರೆ, ತೇಗದ ಮರಗಳ ಕೆಳಗೆ ಇನ್ನೂ ಕತ್ತಲು. ಒಂದೇ ಲೆನ್ಸ್, ಒಂದೇ ಅಪರ್ಚರ್, ಒಂದೇ ಶಟರ್ ವೇಗ, ಒಂದೇ ದೂರ. ಹುಲಿಯ ಮೈಯಿಂದ ಹೊರಟು ಲೆನ್ಸಿನೊಳಗೆ ಬಂದು ಆ 10 ಮಿಲಿಮೀಟರಿನ ಬಿಂಬದ ಮೇಲೆ ಬೀಳುವ ಬೆಳಕು ಎರಡೂ ಕ್ಯಾಮೆರಾದಲ್ಲಿ ಅಷ್ಟೇ. ಸೆನ್ಸರಿನ ಹೊರ ಅಂಚಿಗೆ ಬಿದ್ದ ಹೆಚ್ಚಿನ ಬೆಳಕನ್ನು ನಾವೇ ಕತ್ತರಿಸಿ ಎಸೆದ ಮೇಲೆ ಅದರಿಂದ ಹುಲಿಗೇನೂ ಸಿಗಲಿಲ್ಲ. ಒಂದೇ ಕಾಲದ ತಂತ್ರಜ್ಞಾನವಾದರೆ ನಾಯ್ಸ್ ಕೂಡ ಸರಿಸುಮಾರು ಒಂದೇ. ಫುಲ್ ಫ್ರೇಮಿನ ಬೆಳಕಿನ ಲಾಭ ಸಿಗಬೇಕಾದರೆ ಹುಲಿ ಇಡೀ ಫ್ರೇಮ್ ತುಂಬಬೇಕು. ಅದಕ್ಕೆ ಹತ್ತಿರ ಹೋಗಬೇಕು, ಇಲ್ಲವೇ ಇನ್ನೂ ಉದ್ದದ, ಇನ್ನೂ ಅಗಲ ಗಾಜಿನ ಲೆನ್ಸ್ ಬೇಕು. 600 ಎಂಎಂ ಎಫ್/4ರಂಥ ಲೆನ್ಸಿನ ಬೆಲೆ ನಮ್ಮಲ್ಲಿ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಅದನ್ನು ಕೊಳ್ಳಲಾಗದವರು ಫುಲ್ ಫ್ರೇಮ್ ಬಾಡಿ ಕೊಂಡು ಪ್ರತಿ ಚಿತ್ರವನ್ನೂ ಕತ್ತರಿಸುತ್ತಾ ಕೂತರೆ, ಕಾಸು ಕೊಟ್ಟದ್ದು ಒಂದಕ್ಕೆ, ಬಳಸುತ್ತಿರುವುದು ಇನ್ನೊಂದನ್ನು.

ಹಾಗೆಂದು ಫುಲ್ ಫ್ರೇಮನ್ನು ಕತ್ತರಿಸುವುದು ದಂಡವೆಂದಲ್ಲ. ರಂಗನತಿಟ್ಟಿನಲ್ಲಿ ಬಣ್ಣದ ಕೊಕ್ಕರೆ ತಲೆಯ ಮೇಲೆಯೇ ತಿರುಗಿದಾಗ ಕ್ರಾಪ್ ಕ್ಯಾಮೆರಾದಲ್ಲಿ ರೆಕ್ಕೆಯ ತುದಿ ಹೊರಗುಳಿಯುತ್ತದೆ. ಕಬಿನಿ ಹಿನ್ನೀರಿನ ದಂಡೆಯ ಆನೆ ನಾಲ್ಕು ಹೆಜ್ಜೆ ಜೀಪಿನತ್ತ ಬಂದರೆ ಕಿವಿ, ಸೊಂಡಿಲು ಹಿಡಿಸುವುದಿಲ್ಲ. ಫುಲ್ ಫ್ರೇಮ್ ಆ ಸುತ್ತಲಿನ ಜಾಗವನ್ನು ಕೊಡುತ್ತದೆ, ಬೇಡವಾದಾಗ ಕತ್ತರಿಸಿಕೊಳ್ಳಬಹುದು. ಮಿರರ್‌ಲೆಸ್ ಬಂದ ಮೇಲೆ ಇದು ಇನ್ನೂ ಸಲೀಸು: ಗುಂಡಿ ಒತ್ತಿ ಕ್ರಾಪ್‌ಗೆ ಬದಲಾಯಿಸಿದರೆ ವ್ಯೂಫೈಂಡರ್ ತುಂಬ ಹಕ್ಕಿಯೇ ಕಾಣುತ್ತದೆ. ಆದರೆ ಈ ಸೌಕರ್ಯ 45 ಮೆಗಾಪಿಕ್ಸೆಲ್ ಇರುವವರಿಗೆ. ನಿಕಾನ್ ಜೆಡ್6ರಂಥ 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮನ್ನು ಕ್ರಾಪ್‌ಗೆ ಇಳಿಸಿದರೆ ಉಳಿಯುವುದು ಹತ್ತೇ ಮೆಗಾಪಿಕ್ಸೆಲ್. ಹಕ್ಕಿಯ ಮಟ್ಟಿಗೆ ಅದು ಡಿ300ಕ್ಕಿಂತಲೂ ಹಿಂದೆ. ಹೊಸಬರು ಎಡವುವುದು ಬಹುಪಾಲು ಇಲ್ಲೇ, ಅಂಗಡಿಯವರು ಇದನ್ನು ಹೇಳುವುದು ಅಪರೂಪ.

ಪಿಕ್ಸೆಲ್ ಓಟದಲ್ಲಿ ಕ್ರಾಪ್ ಈಗ ಮತ್ತೆ ಮುಂದಿದೆ. 2022ರ ಕ್ಯಾನನ್ ಆರ್7 ತನ್ನ 32.5 ಮೆಗಾಪಿಕ್ಸೆಲ್‌ನಿಂದ ನಮ್ಮ ಹುಲಿಯ ಮೇಲೆ 3,100 ಪಿಕ್ಸೆಲ್ ಇಡುತ್ತದೆ. 45 ಮೆಗಾಪಿಕ್ಸೆಲ್‌ನ ಆರ್5 ಇಡುವುದು ಸುಮಾರು 2,270. ಆದರೆ ಏಪ್ರಿಲ್‌ನಲ್ಲಿ ಹಿನ್ನೀರಿನ ಹುಲ್ಲುಗಾವಲಿನ ಮೇಲೆ ಬಿಸಿಗಾಳಿ ನಡುಗತೊಡಗಿದ ಮೇಲೆ, ದೂರದ ಆನೆಯ ಮೇಲೆ ಎಷ್ಟು ಪಿಕ್ಸೆಲ್ ಸುರಿದರೂ ಅವು ದಾಖಲಿಸುವುದು ಆ ನಡುಕವನ್ನೇ. ಸೆನ್ಸರಿನ ಸಾಲುಗಳನ್ನು ಓದಲು ಆರ್7 ತೆಗೆದುಕೊಳ್ಳುವ ಸಮಯವೂ ಹೆಚ್ಚು. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಬೀಸುವ ರೆಕ್ಕೆ ಬಾಗಿ ಕಾಣುತ್ತದೆ.

ನಮ್ಮ ನಿಜವಾದ ಅಸಮಾಧಾನ ಬೇರೆಯದು. ಅಮೆರಿಕದಲ್ಲಿ ಬಿಡುಗಡೆಯಾದಾಗ ಡಿ500ರ ಬೆಲೆ 2,000 ಡಾಲರ್, ಡಿ850ರದು 3,300. ಡಿ500ರ ಜೊತೆಗೆ 2015ರ 200-500 ಎಂಎಂ ಲೆನ್ಸ್ ಸೇರಿಸಿಕೊಂಡು, ದೊಡ್ಡ ಸಂಬಳವಿಲ್ಲದ ಎಷ್ಟೋ ಜನ ಭದ್ರಾದ ರಿವರ್ ಟರ್ನ್, ದಾಂಡೇಲಿಯ ಮಂಗಟ್ಟೆ, ದರೋಜಿಯ ಕರಡಿಗಳನ್ನು ಗಂಭೀರವಾಗಿ ದಾಖಲಿಸಿದರು. ಸೆಕೆಂಡಿಗೆ ಹತ್ತು ಚಿತ್ರ, ಫ್ರೇಮಿನ ಅಂಚಿನವರೆಗೂ ಹರಡಿದ 153 ಫೋಕಸ್ ಬಿಂದು, ಮಳೆ ದೂಳು ತಡೆಯುವ ಬಾಡಿ: ದೊಡ್ಡ ಕ್ಯಾಮೆರಾದ ಎಲುಬುಗಳನ್ನೇ ಅದಕ್ಕೂ ಕೊಟ್ಟಿದ್ದರು. ನಿಕಾನ್ ಅದನ್ನು ನಿಲ್ಲಿಸಿತು, ಮಿರರ್‌ಲೆಸ್‌ನಲ್ಲಿ ಅದಕ್ಕೆ ವಾರಸುದಾರನನ್ನು ತರಲಿಲ್ಲ. ವೇಗವಾಗಿ ಓದುವ ಸ್ಟ್ಯಾಕ್ಡ್ ಸೆನ್ಸರನ್ನು ಜೆಡ್8, ಜೆಡ್9ರಂಥ ಫುಲ್ ಫ್ರೇಮ್‌ಗಳಿಗೇ ಮೀಸಲಿಟ್ಟಿತು. ಅಂಥ ಸೆನ್ಸರನ್ನು ಕ್ರಾಪ್ ಬಾಡಿಯಲ್ಲಿಡಲು ಆಗುತ್ತದೆಂದು ಫ್ಯೂಜಿಫಿಲ್ಮ್ 2022ರಲ್ಲೇ ಎಕ್ಸ್-ಎಚ್2ಎಸ್ ಮೂಲಕ ತೋರಿಸಿದೆ. ಹೀಗಿರುವಾಗ ತಾಂತ್ರಿಕ ಅಡ್ಡಿಯ ನೆಪ ನಿಲ್ಲುವುದಿಲ್ಲ. ಒಂದೂವರೆ ಲಕ್ಷ ಕೂಡಿಸಿಟ್ಟು ಅಂಗಡಿಗೆ ಹೋಗುವ ಛಾಯಾಗ್ರಾಹಕನಿಗೆ ಇವತ್ತು ಸೆಕೆಂಡ್ ಹ್ಯಾಂಡ್ ಡಿ500 ಹುಡುಕಿಕೊಳ್ಳಿ ಎನ್ನುವುದಕ್ಕಿಂತ ಒಳ್ಳೆಯ ಸಲಹೆ ನಮ್ಮ ಬಳಿ ಇಲ್ಲ.