ಉರುಳಿದರೂ ಉರಿಸದ ದೀಪ

ದೀಪವು ಉರುಳಿ ಬೆಂಕಿಯ ಅನಾಹುತವಾದಾಗ, "ಎಚ್ಚರದಿಂದ ಇರಬಾರದಾಗಿತ್ತೇ?" ಎಂದು ಮನೆಯವರನ್ನು ಆಕ್ಷೇಪಿಸುವುದು ಲೋಕದ ವಾಡಿಕೆ. ತಪ್ಪು ದೀಪದ ಆಕಾರದಲ್ಲಿಯೇ ಇದ್ದಿತೇ ಎಂದು ಕೇಳುವವರು ವಿರಳ. ಹಾಗೆ ಕೇಳಿದವರಲ್ಲೊಬ್ಬರು ಶ್ರೀಲಂಕೆಯ ಶಸ್ತ್ರವೈದ್ಯ ವಿಜಯ ಗೊಡಕುಂಬುರ ಅವರು.

ಆ ನಾಡಿನ ಬಡವರು ಬಿಸುಟ ಸೀಸೆಗೆ ಸೀಮೆಎಣ್ಣೆ ತುಂಬಿ, ಬತ್ತಿಯಿಟ್ಟು ದೀಪ ಮಾಡಿಕೊಳ್ಳುತ್ತಿದ್ದರು. ನಮ್ಮ ಹಳ್ಳಿಗಳ ಬುಡ್ಡಿದೀಪವೂ ಇದರ ಒಡಹುಟ್ಟೇ. ಸೀಸೆ ಉರುಳಿದರೆ ಎಣ್ಣೆ ಚೆಲ್ಲುತ್ತದೆ. ಎಣ್ಣೆ ಹೀರಿದ ಉಡುಪೇ ಆಗ ಬತ್ತಿಯಾಗುತ್ತದೆ. ಇಂತಹ ಸುಟ್ಟಗಾಯಗಳನ್ನು ಕಂಡು ನೊಂದ ಈ ವೈದ್ಯರು 1990ರ ದಶಕದಲ್ಲಿ 'ಸುದೀಪ'ವೆಂಬ ಅಗ್ಗದ ಗಾಜಿನ ದೀಪವನ್ನು ರೂಪಿಸಿದರು.

ಗುರುತ್ವಕೇಂದ್ರದಿಂದ ಇಳಿಸಿದ ಲಂಬರೇಖೆಯು ತಳವನ್ನು ದಾಟಿದೊಡನೆ ವಸ್ತುವು ಉರುಳುವುದಷ್ಟೆ. ತಳದ ತ್ರಿಜ್ಯ 3 ಸೆಂ.ಮೀ., ಗುರುತ್ವಕೇಂದ್ರದ ಎತ್ತರ 9 ಸೆಂ.ಮೀ. ಇರುವ ಸೀಸೆಯು ಸುಮಾರು 18 ಡಿಗ್ರಿ ವಾಲಿದರೆ ಸಾಕು, ಬೀಳುತ್ತದೆ. ಆ ಎತ್ತರವನ್ನು 3 ಸೆಂ.ಮೀ.ಗೆ ಇಳಿಸಿದರೆ 45 ಡಿಗ್ರಿಯವರೆಗೂ ತಡೆಯುತ್ತದೆ. ಸುದೀಪವು ಗಿಡ್ಡಾಗಿ, ತೂಕವಾಗಿ ಇರುವುದು ಈ ಕಾರಣದಿಂದಲೇ. ಅದರ ಎರಡು ಪಕ್ಕಗಳು ಚಪ್ಪಟೆ. ಆದುದರಿಂದ ಬಿದ್ದರೂ ಹೊರಳದು. ಲೋಹದ ಮುಚ್ಚಳಕ್ಕೆ ತಿರುಪು ಉಂಟು. ಆದುದರಿಂದ ಎಣ್ಣೆ ಚೆಲ್ಲದು. ಗಾಜು ದಪ್ಪ, ಸುಲಭವಾಗಿ ಒಡೆಯದು. ಈ ಕಾರ್ಯಕ್ಕಾಗಿ 1998ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಸಂದಿತು.

ಬಡವರ ಉಪಯೋಗದ ವಸ್ತುವಿಗೆ ಅಂದವೇಕೆಂದು ಕೆಲವರು ಭಾವಿಸುವುದುಂಟು. ನಾವು ಒಪ್ಪುವುದಿಲ್ಲ. ಕಣ್ಣಿಗೊಪ್ಪದ ದೀಪವನ್ನು ಜನರು ಮನಸಾರೆ ಮನೆಗೆ ತರರು; ಅಂಗಡಿಯಲ್ಲಿಯೇ ಉಳಿದ ದೀಪವು ಎಷ್ಟು ಸುರಕ್ಷಿತವಾದರೂ ಯಾರನ್ನೂ ಕಾಯದು. ಬೆಲೆಯ ಮಾತೂ ಹಾಗೆಯೇ. ಸುರಕ್ಷತೆ, ಅಗ್ಗ, ಅಂದ ಈ ಮೂರೂ ಕೂಡಿದರೆ ಮಾತ್ರ ದೀಪವು ಮನೆಯದಾಗುವುದು.

ವಿದ್ಯುತ್ತು ಬಂದಿರುವಾಗ ಎಣ್ಣೆದೀಪದ ಮಾತೇಕೆಂದು ವಾಚಕರು ಕೇಳಬಹುದು. ದೀಪ ಹಳತಾದರೂ ಅದರ ಪಾಠ ಹಳತಾಗದು. ಓದುವ ಮೇಜಿನ ವಿದ್ಯುದ್ದೀಪವೂ, ವಿದ್ಯುತ್ತು ಹೋದಾಗ ಹಚ್ಚುವ ಮೇಣದ ಬತ್ತಿಯೂ ಇದೇ ನಿಯಮದಂತೆ ಉರುಳುತ್ತವೆ. ಮನುಷ್ಯನ ಎಚ್ಚರಕ್ಕೆ ನಿದ್ರೆಯುಂಟು. ಒಳ್ಳೆಯ ಆಕಾರಕ್ಕೆ ನಿದ್ರೆಯಿಲ್ಲ.

ಅಧ್ಯಾಪಕರಾದ ನಾವು ಶಂಕುವಿನ ಮೂರು ಚಿತ್ರಗಳನ್ನು ಬರೆಯಿಸಿ, ಅಂಕಗಳನ್ನು ಕೊಟ್ಟು, ಸಮತೋಲದ ಪಾಠವನ್ನು ಮುಗಿಸಿಬಿಡುತ್ತೇವೆ. ಆ ಪಾಠದಿಂದಲೇ ಒಬ್ಬ ಮಗುವಿನ ಮೈ ಸುಡುವುದು ತಪ್ಪಬಹುದೆಂದು ಹೇಳುವುದಿಲ್ಲ. ಇದು ನಮ್ಮ ಕೊರತೆ. ವಿದ್ಯಾರ್ಥಿಗಳಾದರೂ ಈ ಸಂಜೆ ತಮ್ಮ ಮನೆಯ ದೀಪವೊಂದನ್ನು, ಹಚ್ಚುವುದಕ್ಕೆ ಮುನ್ನ, ಮೆಲ್ಲನೆ ವಾಲಿಸಿ ನೋಡಲಿ. ಎಷ್ಟು ಡಿಗ್ರಿಗೆ ಉರುಳುವುದೆಂದು ಅಳೆಯಲಿ. ಉತ್ತಮ ದೀಪದ ರಚನೆ ಅಲ್ಲಿಂದಲೇ ಆರಂಭವಾಗುತ್ತದೆ.