ಪ್ರಾಜೆಕ್ಟಿಗೆ ವಿಷಯ ಹುಡುಕ್ತಿದ್ದೀರಾ?

ಕೆಲಸದ ಜೊತೆಗೇ ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡ್ತಿದ್ದೀರಾ? ಹಾಗಾದ್ರೆ ಪ್ರಾಜೆಕ್ಟಿಗೆ ‘ಬೆಂಗಳೂರಿನ ಸಾರಿಗೆ ಸಮಸ್ಯೆ’ಯಂಥ ವಿಷಯ ಬೇಡ. ನಮಗೆ ಸಿಗೋದು ಶನಿವಾರ, ಭಾನುವಾರ ಮಾತ್ರ. ಅಷ್ಟರಲ್ಲಿ ಅದು ಮುಗಿಯಲ್ಲ.

ಕೆಂಗೇರಿಗೆ 2021ರಲ್ಲಿ ಮೆಟ್ರೋ ಬಂತು. 2023ರಲ್ಲಿ ‘ಶಕ್ತಿ’ ಯೋಜನೆಯಿಂದ ಮಹಿಳೆಯರಿಗೆ ಸಾಮಾನ್ಯ ಬಸ್ ಫ್ರೀ ಆಯ್ತು. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಣುಮಕ್ಕಳು ಈಗ ಯಾವುದು ಹತ್ತುತ್ತಾರೆ? ಉಳಿದ ಟಿಕೆಟ್ ದುಡ್ಡು ಅವರ ಕೈಯಲ್ಲೇ ಇರುತ್ತಾ? ಇಂಥದ್ದು ಆರಿಸಿ. ಇಪ್ಪತ್ತು ಜನರನ್ನು ಹೋಗಿ ಕೇಳಬಹುದು; ಉತ್ತರವೂ ಮೊದಲೇ ಗೊತ್ತಿಲ್ಲ.

ವಿಷಯ ಚಿಕ್ಕದಾಯ್ತೇನೋ ಅನ್ನೋ ಅಳುಕು ಬೇಡ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದೇ ಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದ್ರು. ಚುನಾವಣೆ ಬಂದಾಗಲೆಲ್ಲ ನಾವು ಕೇಳೋ ‘ಪ್ರಬಲ ಜಾತಿ’ ಅನ್ನೋ ಪರಿಕಲ್ಪನೆಯನ್ನ ಅವರು ಬೆಳೆಸಿದ್ದು ಆ ಹಳ್ಳಿಯಿಂದಲೇ.